ಎದುರುಗಾಳಿಯ ಇಪ್ಪತ್ತೇಳು ನಿಮಿಷ

ನವೆಂಬರ್ 6, ಶುಕ್ರವಾರ
ಬೆಳಗ್ಗೆ ಹತ್ತೂಕಾಲು, ಅಡುಗೆಮನೆಯ ಮೇಜು

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳ ನಮಸ್ಕಾರ. ಉಭಯ ಕುಶಲೋಪರಿ ಅಂತೆಲ್ಲ ಶುರು ಮಾಡುವ ತಾಳ್ಮೆ ಇವತ್ತು ನನ್ನಲ್ಲಿಲ್ಲ. ಇಲ್ಲಿ ಮೂವರಲ್ಲಿ ಇಬ್ಬರು ಕ್ಷೇಮ, ಒಬ್ಬಳು ನಿದ್ದೆಗೆಟ್ಟು ಕ್ಷೇಮ. ಆ ಒಬ್ಬಳು ಯಾರು ಅಂತ ಅಕ್ಷರ ನೋಡಿದರೇ ನಿನಗೆ ತಿಳಿಯುತ್ತದೆ.

ಓದುವುದಕ್ಕೆ ಮುಂಚೆ ಲಕೋಟೆಯ ಮೇಲಿನ ಮುದ್ರೆ ನೋಡು, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡು. ಶುಕ್ರವಾರ ಸಂಜೆ ಮುದ್ರೆ ಬಿದ್ದ ಕಾಗದ ಶನಿವಾರ ಬೆಳಗ್ಗೆ ನಿನ್ನ ಕೈಯಲ್ಲಿದೆ. ಇಲ್ಲಿಯತನಕ ನನ್ನ ಕಾಗದ ನಿನಗೆ ಮುಟ್ಟಬೇಕಾದರೆ ಒಂಬತ್ತು ದಿನ ಹಿಡಿಯುತ್ತಿತ್ತು. ಅಷ್ಟರಲ್ಲಿ ಬರೆದ ಸುದ್ದಿ ಹಳಸಿ, ಅದರ ಮೇಲೆ ಇನ್ನೊಂದು ಸುದ್ದಿ ಹುಟ್ಟಿ, ಅದೂ ಹಳಸಿರುತ್ತಿತ್ತು.

ಅಮ್ಮ, ನೇರ ವಿಮಾನ ಬರುತ್ತಿದೆ. ನಮ್ಮ ನಿಲ್ದಾಣದಿಂದ ಹತ್ತಿದರೆ ನಿಮ್ಮ ನಿಲ್ದಾಣದಲ್ಲಿ ಇಳಿಯುವುದು, ನಡುವೆ ಎಲ್ಲೂ ನಿಲ್ಲುವ ಹಾಗಿಲ್ಲ. ಮುನ್ನೂರ ಹದಿನೆಂಟು ಕಿಲೋಮೀಟರು. ಐವತ್ತಮೂರು ನಿಮಿಷ. ಬರೆದು ಒಂದು ಸಲ ಓದಿಕೊಂಡೆ, ತೃಪ್ತಿಯಾಗಲಿಲ್ಲ, ಅದಕ್ಕೇ ಇನ್ನೊಮ್ಮೆ ಬರೆಯುತ್ತೇನೆ: ಐವತ್ತಮೂರು ನಿಮಿಷ.

ನೀನು ಹಿಮ ಗುಡಿಸಿದ ರನ್‌ವೇ ಮೇಲೇ ನಿನ್ನ ಮೊಮ್ಮಗಳು ಬಂದಿಳಿಯುತ್ತಾಳೆ. ಮುಂದಿನ ಗುರುವಾರ, ಹನ್ನೆರಡನೇ ತಾರೀಖು, ಮೊದಲನೇ ದಿನದ ಮೊದಲನೇ ವಿಮಾನದಲ್ಲಿ ನನ್ನ ಹೆಸರೂ ಅವಳ ಹೆಸರೂ ಇದೆ. ಅಂದರೆ, ಇರಬೇಕು. ಅದಕ್ಕೆ ನಿನ್ನಿಂದ ಒಂದು ಕೆಲಸ ಆಗಬೇಕಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಖುಷಿಯನ್ನು ಪೂರ್ತಿ ಬರೆಯಲು ಬಿಡು, ಈ ಮನೆಯಲ್ಲಿ ಅದನ್ನು ಕೇಳಿಸಿಕೊಳ್ಳುವವರೆಲ್ಲ ಕೇಳಿ ಸುಸ್ತಾಗಿದ್ದಾರೆ. ಇವರಂತೂ ನಿನ್ನೆ, ಇನ್ನೊಂದು ಸಲ ಕಿಲೋಮೀಟರು ಅಂದರೆ ಆಸ್ಪತ್ರೆಯಲ್ಲಿ ಎರಡನೇ ಪಾಳಿಗೂ ನಿಂತುಬಿಡುತ್ತೇನೆ ಅಂದರು. ಕರೆಂಟಿನ ಕೆಲಸದವರಿಗೆ ದೂರದ ಬೆಲೆ ಏನು ಗೊತ್ತು. ಅವರ ತಂತಿ ಈ ಗೋಡೆಯಿಂದ ಆ ಗೋಡೆಗೆ ಮುಟ್ಟಿದರೆ ಆಯಿತು.

ಇಷ್ಟು ದಿನ ಹೇಗಿತ್ತು ಹೇಳು. ನಕ್ಷೆಯಲ್ಲಿ ನೋಡಿದರೆ ನೀನು, ನಾನು ಅಕ್ಕಪಕ್ಕದ ಮನೆಯವರು. ನಡುವೆ ಒಂದು ಕೊಲ್ಲಿ, ಅದರಾಚೆ ರಸ್ತೆಯಿಲ್ಲದ ಬೆಟ್ಟಸಾಲು. ಆದರೆ ನಿನ್ನ ಬಾಗಿಲು ತಟ್ಟಬೇಕಾದರೆ ಒಂಬೈನೂರು ಕಿಲೋಮೀಟರು ದಕ್ಷಿಣಕ್ಕೆ ಇಳಿದು, ಅಲ್ಲಿನ ದೊಡ್ಡ ನಿಲ್ದಾಣದ ಬೆಂಚಿನ ಮೇಲೆ ರಾತ್ರಿ ಕಳೆದು, ಮತ್ತೆ ಅಷ್ಟೇ ದೂರ ಉತ್ತರಕ್ಕೆ ಹತ್ತಬೇಕು. ಎಲ್ಲ ಸೇರಿ ಇಪ್ಪತ್ತಾರು ಗಂಟೆ. ಸುತ್ತಿ ಬಳಸಿ ಮೂಗು ಹಿಡಿಯುವುದು ಅಂದರೆ ಇದೇ. ಕೈಗೂಸನ್ನು ಎತ್ತಿಕೊಂಡು ಆ ಪ್ರಯಾಣ ಬೇಡವೇ ಬೇಡ ಅಂದಿದ್ದರು ಡಾಕ್ಟರು. ಅವರು ಹೇಳದೆ ಹೋಗಿದ್ದರೂ ನಾನು ಹೊರಡುತ್ತಿರಲಿಲ್ಲ. ಮನೆಯಿಂದ ಮೂಲೆ ಅಂಗಡಿಗೆ ಹೋಗಿಬರುವಷ್ಟರಲ್ಲೇ ನಾಲ್ಕು ಸಲ ಹೊದಿಕೆ ಸರಿಸಿ ಉಸಿರಾಡುತ್ತಿದ್ದಾಳಾ ಅಂತ ನೋಡುವವಳು ನಾನು.

ನಿನ್ನ ಮೊಮ್ಮಗಳಿಗೆ ನಾಳೆಗೆ ಹನ್ನೆರಡು ವಾರ ತುಂಬುತ್ತದೆ. ಗದ್ದ ಎರಡಾಗಿದೆ. ನಿನ್ನ ಹಾಗೇ ಹುಬ್ಬು ಗಂಟು ಹಾಕಿಕೊಂಡು ಜನರನ್ನು ನೋಡುತ್ತಾಳೆ, ಎದುರಿಗಿರುವವರು ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. ಇಟ್ಟ ಹೆಸರು ಒಂದಿದ್ದರೂ ಎಲ್ಲರೂ ಕರೆಯುವುದು ಸೈರನ್ ಅಂತ. ಆ ಹೆಸರಿಟ್ಟವರು ನಮ್ಮ ಕ್ಯಾಪ್ಟನ್, ಈ ಹೊಸ ದಾರಿಯಲ್ಲಿ ವಿಮಾನ ಓಡಿಸುವವರು. ಹಾಲು ಕುಡಿದದ್ದು ಎಷ್ಟು ಹೊತ್ತಿಗೆ, ಮಲಗಿದ್ದು ಎಷ್ಟು ಹೊತ್ತಿಗೆ, ಎದ್ದದ್ದು ಎಷ್ಟು ಹೊತ್ತಿಗೆ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಇವರು ಅದರ ಮೇಲೆ ‘ಆಗಮನ–ನಿರ್ಗಮನ’ ಅಂತ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದಾರೆ. ಅವಳು ಒಂದೇ ಸಮನೆ ಮಲಗಿದ ದಾಖಲೆ ಎಷ್ಟು ಗೊತ್ತಾ? ಐವತ್ತೆಂಟು ನಿಮಿಷ. ಐವತ್ತಮೂರಕ್ಕಿಂತ ಐದು ಜಾಸ್ತಿ. ಇದನ್ನು ಕಂಡುಹಿಡಿದ ದಿನ ಬಟ್ಟೆ ಒಗೆಯುವ ಯಂತ್ರದ ಮುಂದೆ ನಿಂತು ನಾನೊಬ್ಬಳೇ ನಕ್ಕೆ. ಅವಳು ನಿದ್ದೆ ಮಾಡುವುದು ಆ ಯಂತ್ರದ ಸದ್ದಿಗೆ ಮಾತ್ರ. ಚಿಕ್ಕ ವಿಮಾನದ ಸದ್ದೂ ಹೆಚ್ಚುಕಡಿಮೆ ಹಾಗೇ ಇರುತ್ತದಂತೆ, ಕ್ಯಾಪ್ಟನ್ ಭರವಸೆ ಕೊಟ್ಟಿದ್ದಾರೆ.

ಕಿವಿಯದ್ದೊಂದು ಹೆದರಿಕೆ ಇತ್ತು. ವಿಮಾನ ಇಳಿಯುವಾಗ ಮಕ್ಕಳಿಗೆ ಕಿವಿ ನೋಯುತ್ತದಲ್ಲ. ನರ್ಸಮ್ಮ ಹೇಳಿದರು, ಇಳಿಯಲು ಶುರುವಾದಾಗ ಹಾಲು ಕುಡಿಸುತ್ತಿರು, ನುಂಗುತ್ತಿದ್ದರೆ ನೋಯುವುದಿಲ್ಲ ಅಂತ. ಹಾಗಾಗಿ ಲೆಕ್ಕ ಹಾಕಿದ್ದೇನೆ. ಮೂವತ್ತೆಂಟನೇ ನಿಮಿಷಕ್ಕೆ ವಿಮಾನ ಇಳಿಯುವುದು ಶುರು. ಆಗ ಕ್ಯಾಪ್ಟನ್ ಹಿಂದಕ್ಕೆ ತಿರುಗಿ ಟೋಪಿ ಮುಟ್ಟಿಕೊಳ್ಳುತ್ತಾರೆ, ನಾನು ಮಗುವನ್ನು ಎದೆಗೆ ಹಾಕಿಕೊಳ್ಳಬೇಕು. ಒಂಬತ್ತೇ ಸೀಟಿನ ವಿಮಾನ, ಅವರ ಬೆನ್ನ ಹಿಂದಿನ ಸೀಟು ನಮ್ಮದು. ಇದನ್ನು ಕೇಳಿ ಇವರು, ಇಷ್ಟು ತಯಾರಿ ನಮ್ಮ ಮದುವೆಗೂ ಇರಲಿಲ್ಲವಲ್ಲೇ ಅಂದರು.

ಸರಿ. ಈಗ ನಿನ್ನಿಂದ ಆಗಬೇಕಾದ ಕೆಲಸಕ್ಕೆ ಬರುತ್ತೇನೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನನ್ನ ಕೆಲಸ ಏನು ಅಂತ ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ. ಹೇಳಲು ಹೊರಟಾಗೆಲ್ಲ ನೀನು, ಆಫೀಸಿನಲ್ಲಿ ಬೆಚ್ಚಗಿದೆಯಾ ಅಂತ ಕೇಳಿ, ಹೂಂ ಅಂದರೆ ಸಾಕು ಅನ್ನುತ್ತಿದ್ದೆ. ನಿಲ್ದಾಣದ ಮೇಲಿನ ಮಹಡಿಯಲ್ಲಿ ಮೂರು ಕಿಟಕಿಯ ಕೋಣೆ. ಒಂದು ಗೋಡೆ ತುಂಬ ನಕ್ಷೆ, ಇನ್ನೊಂದರಲ್ಲಿ ಗಾಳಿಯ ವೇಗ ತೋರಿಸುವ ಮುಳ್ಳು. ಅಲ್ಲಿ ಕೂತು ನಾನು ದಾರಿಗಳ ಹಾಳೆ ತಯಾರಿಸುತ್ತೇನೆ. ಇಲ್ಲಿಂದ ಅಲ್ಲಿಗೆ ಎಷ್ಟು ದೂರ, ಹೋಗಲು ಎಷ್ಟು ಹೊತ್ತು, ಬರಲು ಎಷ್ಟು ಹೊತ್ತು, ಎಷ್ಟು ಜನರನ್ನು ಕೂರಿಸಬಹುದು, ಎಲ್ಲ ಒಂದೇ ಹಾಳೆಯಲ್ಲಿ. ವಿಮಾನ ಕಂಪನಿಯ ದಕ್ಷಿಣದ ಆಫೀಸಿನವರು ಈ ಹಾಳೆಯನ್ನು ನೋಡಿಯೇ ಹೊಸ ದಾರಿ ಬೇಕೋ ಬೇಡವೋ ಅಂತ ತೀರ್ಮಾನಿಸುತ್ತಾರೆ.

ಈ ಜೂನಿನಲ್ಲಿ, ಏಳು ತಿಂಗಳ ಬಸುರಿಯಾಗಿ ಮೇಜಿಗೂ ನನಗೂ ಒಂದು ಮೊಳ ದೂರ ಇದ್ದಾಗ, ನಮ್ಮ ಮ್ಯಾನೇಜರ್ ಮೇಡಂ ನಿಮ್ಮೂರಿನ ಹಾಳೆ ಮಾಡು ಅಂದರು. ನಿಮ್ಮ ಕಡೆಯ ರೋಗಿಗಳು ದಕ್ಷಿಣದ ದೊಡ್ಡ ಆಸ್ಪತ್ರೆಗೆ ಹೋಗಲು ಈಗ ವಾರಕ್ಕೆ ಎರಡೇ ವಿಮಾನ. ಅವರನ್ನು ದಿನಾ ನಮ್ಮಲ್ಲಿಗೆ ಕರೆತಂದು, ಮಧ್ಯಾಹ್ನ ಹನ್ನೆರಡಕ್ಕೆ ಇಲ್ಲಿಂದ ಹೊರಡುವ ದೊಡ್ಡ ವಿಮಾನ ಹತ್ತಿಸಿದರೆ ಎಷ್ಟು ಅನುಕೂಲ ಅಂತ ಅವರ ಯೋಚನೆ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕಾಲೇಜಿನಲ್ಲಿ ಬಹುಮಾನ ಬಂದಿತ್ತಲ್ಲ, ಆ ಪುಟ್ಟ ಗ್ಲೋಬನ್ನು ಮನೆಯಿಂದ ತಂದು, ಹೊಲಿಗೆ ದಾರ ಹಿಡಿದು ಇಬ್ಬರ ನಡುವೆ ಎಳೆದೆ. ಅದರಲ್ಲಿ ನಿಮ್ಮೂರೂ ಇಲ್ಲ, ನಮ್ಮೂರೂ ಇಲ್ಲ. ಪೆನ್ಸಿಲಿನಲ್ಲಿ ಎರಡು ಚುಕ್ಕಿ ನಾನೇ ಇಟ್ಟೆ. ದಾರ ಸ್ವಲ್ಪ ಉತ್ತರಕ್ಕೆ ಬಾಗಿ ಕೂತಿತು, ಗುಂಡಗಿನ ಭೂಮಿಯ ಮೇಲೆ ಹತ್ತಿರದ ದಾರಿ ಯಾವಾಗಲೂ ಹಾಗೇ. ಆಮೇಲೆ ಸರಿಯಾದ ಲೆಕ್ಕ ಮಾಡಿದೆ, ಮುನ್ನೂರ ಹದಿನೆಂಟು ಬಂತು. ಹೋಗಲು ಐವತ್ತಮೂರು ನಿಮಿಷ, ದುಂಡು ಮಾಡಿ ಐವತ್ತೈದು ಬರೆದೆ. ಬರಲೂ ಐವತ್ತೈದು ಬರೆದೆ.

ತಪ್ಪಾದದ್ದು ಅಲ್ಲೇ.

ನಿನಗೆ ಗೊತ್ತು, ನಮ್ಮ ಈ ಉತ್ತರದ ಕಡೆ ಗಾಳಿ ವರ್ಷವೆಲ್ಲ ಪಶ್ಚಿಮದಿಂದಲೇ ಬೀಸುತ್ತದೆ. ನಾನಿರುವುದು ಪಶ್ಚಿಮದಲ್ಲಿ, ನೀನು ಪೂರ್ವದಲ್ಲಿ. ನಿನ್ನ ಕಡೆ ಬರುವಾಗ ಗಾಳಿ ಬೆನ್ನಿಗೆ ಕೈಯಿಟ್ಟು ನೂಕುತ್ತದೆ, ವಾಪಸು ಬರುವಾಗ ಎದೆಗೆ ಕೈಯಿಟ್ಟು ತಡೆಯುತ್ತದೆ. ಅದೇ ದೂರ, ಅದೇ ವಿಮಾನ, ಆದರೆ ಬರಲು ಒಂದು ಗಂಟೆ ಇಪ್ಪತ್ತು ನಿಮಿಷ. ಇಪ್ಪತ್ತೇಳು ನಿಮಿಷ ಜಾಸ್ತಿ. ಇದನ್ನು ನಾನು ಹಾಳೆಯಲ್ಲಿ ಬರೆಯಲಿಲ್ಲ. ಕಂಪನಿಯವರು ನನ್ನ ಹಾಳೆ ನಂಬಿ ವೇಳಾಪಟ್ಟಿ ಅಚ್ಚು ಹಾಕಿಸಿದರು. ನಿಮ್ಮಲ್ಲಿಂದ ಹತ್ತೂ ನಲವತ್ತಕ್ಕೆ ಹೊರಟು ಹನ್ನೊಂದೂ ಮೂವತ್ತೈದಕ್ಕೆ ಇಲ್ಲಿಗೆ, ಹನ್ನೆರಡರ ವಿಮಾನಕ್ಕೆ ಬೇಕಾದಷ್ಟು ಸಮಯ. ನಿಜವಾಗಿ ಆಗುವುದೇನು? ಸರಿಯಾಗಿ ಹನ್ನೆರಡಕ್ಕೆ ನಮ್ಮ ವಿಮಾನ ಇಳಿಯುತ್ತದೆ, ಸರಿಯಾಗಿ ಹನ್ನೆರಡಕ್ಕೆ ಆ ವಿಮಾನ ಏರುತ್ತದೆ. ಎರಡೂ ಒಂದಕ್ಕೊಂದು ಟಾಟಾ ಮಾಡಿಕೊಂಡು ಹೋಗಬಹುದು, ಅಷ್ಟೇ. ಇಂಧನದ ಹೆದರಿಕೆ ಇಲ್ಲ, ಅದನ್ನು ಕ್ಯಾಪ್ಟನ್ ಪ್ರತಿದಿನ ಹೊರಡುವ ಮುಂಚೆ ಗಾಳಿ ನೋಡಿಯೇ ತುಂಬಿಸುತ್ತಾರೆ. ಆದರೆ ರೋಗಿಗಳು ದಿನಾ ಇಲ್ಲಿನ ಕಾಯುವ ಕೋಣೆಯಲ್ಲಿ ಮಾರನೇ ದಿನದವರೆಗೂ ಕೂರಬೇಕಾಗುತ್ತಿತ್ತು.

ಇದು ಹೊರಬಿದ್ದದ್ದು ಮಂಗಳವಾರ. ಕ್ಯಾಪ್ಟನ್ ಮಗು ನೋಡಲು ಮನೆಗೆ ಬಂದಿದ್ದರು. ಸೈರನ್ನನ್ನು ಎತ್ತಿಕೊಂಡು, ಇನ್ಮೇಲೆ ನಿಮ್ಮಜ್ಜಿ ಮನೆಗೆ ನಾನೇ ಡ್ರೈವರು ಅಂತ ಅವಳ ಹತ್ತಿರ ಒಪ್ಪಂದ ಮಾಡಿಕೊಂಡರು. ಹೋಗುವಾಗ ಅಚ್ಚಾದ ವೇಳಾಪಟ್ಟಿಯನ್ನೂ ಮೊದಲ ದಿನ ನಿಮ್ಮಲ್ಲಿಂದ ಹತ್ತುವವರ ಪಟ್ಟಿಯನ್ನೂ ನನಗೆ ತೋರಿಸಿ, ಮೇಜಿನ ಮೇಲೇ ಬಿಟ್ಟುಹೋದರು. ನಾಲ್ಕು ಜನ. ಅದರಲ್ಲಿ ಒಬ್ಬಳು ತಾಯಿ, ಜೊತೆಗೆ ಆರು ತಿಂಗಳ ಮಗು, ಎದುರಿಗೆ ‘ಹೃದಯ ತಪಾಸಣೆ’ ಅಂತ ಬರೆದಿತ್ತು. ಕ್ಯಾಪ್ಟನ್ ಹೋದ ಮೇಲೆ ಸೈರನ್ ನನ್ನ ತೋಳಿನಲ್ಲೇ ಮಲಗಿದಳು, ನಾನು ಅಲ್ಲಾಡದೆ ಕೂತು ಎದುರಿಗಿದ್ದ ಆ ಎರಡು ಹಾಳೆಗಳನ್ನೇ ನೋಡುತ್ತಿದ್ದೆ. ನಮ್ಮ ನಿಲ್ದಾಣದ ಆ ಕೋಣೆ ನಿನಗೆ ಗೊತ್ತಿಲ್ಲ. ಕಬ್ಬಿಣದ ಬೆಂಚು, ಬಾಗಿಲು ತೆರೆದಾಗಲೆಲ್ಲ ಕಾಲಿಗೆ ಹೊಡೆಯುವ ಚಳಿ, ಹಾಲು ಕುಡಿಸಲು ಒಂದು ಪರದೆ ಕೂಡ ಇಲ್ಲ. ಆ ತಾಯಿ ಅಲ್ಲಿ ಇಡೀ ಒಂದು ದಿನ ಕೂತಿರುವುದು ನನ್ನ ಕಣ್ಣಿಗೆ ಕಟ್ಟಿಬಿಟ್ಟಿತು. ಅವಳ ಮುಖ ನನಗೆ ಗೊತ್ತಿಲ್ಲವಲ್ಲ, ಹಾಗಾಗಿ ನನ್ನ ಮುಖವನ್ನೇ ಅವಳಿಗೆ ಹಾಕಿಕೊಂಡು ನೋಡುತ್ತಿದ್ದೆ.

ಬುಧವಾರ ಬೆಳಗ್ಗೆ ಮಗುವನ್ನು ಕಟ್ಟಿಕೊಂಡು ಆಫೀಸಿಗೆ ಹೋದೆ. ರಜೆಯಲ್ಲಿರುವವಳು ಯಾಕೆ ಬಂದೆ ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಮಗುವನ್ನು ಎತ್ತಿಕೊಳ್ಳುವ ಅವಸರ. ಕೊನೆಗೆ ಅವಳನ್ನು ನಕ್ಷೆಯ ಮೇಜಿನ ಮೇಲೆ ಮಲಗಿಸಿ, ಒದ್ದೆ ಮಾಡಿದರೆ ಅರ್ಧ ಉತ್ತರ ಧ್ರುವ ಮುಳುಗುತ್ತದೆ ಅಂತ ಹೆದರುತ್ತಲೇ, ಮೇಡಂಗೆ ಎಲ್ಲ ಹೇಳಿದೆ. ಅವರು ಪೆನ್ಸಿಲ್ ಕೆತ್ತುತ್ತಿದ್ದರು. ಸಿಟ್ಟು ಬಂದಾಗ ಅವರು ಬಯ್ಯುವುದಿಲ್ಲ, ಪೆನ್ಸಿಲ್ ಕೆತ್ತುತ್ತಾರೆ. ಮೂರನೇ ಪೆನ್ಸಿಲಿಗೆ ಬಂದಾಗ ತಲೆಯೆತ್ತಿ ಅಂದರು:

“ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಕೂತು ಬರೆದಿದ್ದೀಯ. ಗಾಳಿ ಮರೆತುಹೋಗಿದೆ. ಆಗುತ್ತೆ ಬಿಡು.”

ನಾನು ಹೂಂ ಅಂದೆ.

ಕ್ಯಾಪ್ಟನ್ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ಸಿಟ್ಟೇ ಇಲ್ಲ, ತಮಾಷೆ. ಹೆಣ್ಣುಮಕ್ಕಳ ಲೆಕ್ಕವೇ ಹೀಗೆ, ಅಮ್ಮನ ಮನೆಗೆ ಹೋಗೋದನ್ನ ಕರೆಕ್ಟಾಗಿ ಬರೀತೀರ, ಗಂಡನ ಮನೆಗೆ ಬರೋ ದಾರಿ ಮಾತ್ರ ತಪ್ಪುತ್ತೆ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಮೂವರೂ ಕೂತು ದಾರಿ ಹುಡುಕಿದೆವು. ಹನ್ನೆರಡರ ವಿಮಾನವನ್ನು ತಡ ಮಾಡುವ ಹಾಗಿಲ್ಲ, ಅದು ಮುಂದೆ ಇನ್ನೂ ಮೂರು ಕಡೆ ಹೋಗಬೇಕು. ಉಳಿದದ್ದು ಒಂದೇ. ನಮ್ಮ ಚಿಕ್ಕ ವಿಮಾನ ಅರ್ಧ ಗಂಟೆ ಮುಂಚೆ ಹೊರಡಬೇಕು. ಈಗ ಇಲ್ಲಿಂದ ಒಂಬತ್ತೂ ಐದಕ್ಕೆ ಹೊರಟು ನಿಮ್ಮಲ್ಲಿ ಸುಮಾರು ಹತ್ತಕ್ಕೆ ಇಳಿಯುವುದು ಅಂತಿದೆ. ಅದರ ಬದಲು ಒಂಬತ್ತೂವರೆಗೆ ಇಳಿಯಬೇಕು. ಅಂದರೆ ನಿಮ್ಮ ರನ್‌ವೇ ಒಂಬತ್ತೂವರೆಯ ಒಳಗೆ ಹಿಮ ಗುಡಿಸಿ, ಮರಳು ಎರಚಿ, ಚಕ್ರದ ಹಿಡಿತ ಅಳೆದು ಸಿದ್ಧವಾಗಿರಬೇಕು. ಅಂದರೆ ನೀನು ಬೆಳಗಿನ ಜಾವ ಐದಕ್ಕಲ್ಲ, ನಾಲ್ಕೂವರೆಗೆ ನಿನ್ನ ಹಿಮ ಗುಡಿಸುವ ಯಂತ್ರ ಹತ್ತಬೇಕು.

ಇದೇ ಅಮ್ಮ, ನಿನ್ನಿಂದ ಆಗಬೇಕಾದ ಕೆಲಸ.

ನಿನ್ನೆ ಮೇಡಂ ನಿಮ್ಮ ಮ್ಯಾನೇಜರಿಗೆ ಫೋನ್ ಮಾಡಿದರು. ಪಾಪ, ಆ ಮನುಷ್ಯ ನಿನಗೆ ಎಷ್ಟು ಹೆದರುತ್ತಾರೆ. ಸುರಕ್ಷತೆಯ ನಿಯಮದ ಪ್ರಕಾರ ಐದು ಗಂಟೆಗೆ ಮುಂಚಿನ ಕೆಲಸಕ್ಕೆ ಯಂತ್ರ ಓಡಿಸುವವರ ಒಪ್ಪಿಗೆ ಬರಹದಲ್ಲಿ ಬೇಕು, ಬೇರೆ ಚಾಲಕರಿಲ್ಲ, ಆ ಹೆಂಗಸಿಗೆ ಹೇಳುವ ಧೈರ್ಯ ನನಗಿಲ್ಲ ಅಂದರಂತೆ. ಮೂರು ವರ್ಷದ ಹಿಂದೆ ಯಾರೋ ದೊಡ್ಡ ಮನುಷ್ಯರ ವಿಮಾನಕ್ಕೆ ಒಂದು ದಿನದ ಮಟ್ಟಿಗೆ ಬೇಗ ಬಾ ಅಂದದ್ದಕ್ಕೆ ನೀನು ಟೀ ಲೋಟ ಕೂಡ ಕೆಳಗಿಡದೆ, ಹಿಮಕ್ಕೆ ದೊಡ್ಡವರು ಚಿಕ್ಕವರು ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ ಅಂದೆಯಂತೆ. ಮೇಡಂ ಫೋನಿಟ್ಟು ನನ್ನನ್ನೇ ನೋಡಿದರು. ನಾನು ಕಿಟಕಿ ನೋಡಿದೆ. ಆ ಒಪ್ಪಿಗೆಯ ಫಾರಮ್ಮನ್ನು ನಿಮ್ಮ ಮ್ಯಾನೇಜರು ಇವತ್ತು ಸಂಜೆಯೊಳಗೆ ನಿನ್ನ ಯಂತ್ರದ ಸೀಟಿನ ಮೇಲೆ ಇಟ್ಟಿರುತ್ತಾರೆ, ಇಟ್ಟು ಓಡಿಹೋಗಿರುತ್ತಾರೆ. ಅದು ಏನು ಅಂತ ಈಗ ನಿನಗೆ ಗೊತ್ತಾಯಿತು.

ನೀನು ಸಹಿ ಮಾಡದಿದ್ದರೆ ಗುರುವಾರದ ವಿಮಾನ ರದ್ದು. ನಿಮ್ಮಲ್ಲಿ ಹಿಮ ಕರಗುವ ಜೂನಿನ ತನಕ ಈ ದಾರಿ ಇಲ್ಲ ಅಂತ ಕಂಪನಿಯವರು ಹೇಳಿಬಿಟ್ಟಿದ್ದಾರೆ. ಆ ಹೊತ್ತಿಗೆ ಸೈರನ್ ಗೋಡೆ ಹಿಡಿದು ನಿಲ್ಲುತ್ತಿರುತ್ತಾಳೆ. ಅವಳು ಹೀಗೆ, ಒಂದು ಮೊಳದಷ್ಟು ಉದ್ದ ಇದ್ದದ್ದನ್ನು ನೀನು ನೋಡಿರುವುದಿಲ್ಲ.

ಫೋನಿನಲ್ಲೇ ಕೇಳು ಅಂತ ಮೇಡಂ ಎರಡು ಸಲ ಹೇಳಿದರು. ನಾನು ಒಪ್ಪಲಿಲ್ಲ. ಫೋನಿನಲ್ಲಿ ನೀನು ಆಡುವುದು ಮೂರೇ ಮಾತು: ಹೂಂ, ಸರಿ, ಹಿಮ ಜಾಸ್ತಿ. ಮೂವತ್ತು ವರ್ಷ ಆ ಯಂತ್ರದ ಮೇಲೆ ಕೂತು ನಿನ್ನ ಬಲಗಿವಿ ಮಂದವಾಗಿದೆ ಅಂತಲೂ ನನಗೆ ಗೊತ್ತು, ನೀನು ಒಪ್ಪಿಕೊಳ್ಳದಿದ್ದರೂ. ಕಾಗದವಾದರೆ ನೀನು ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತೀಯ.

ಇವರಿಗೆ ನಿನ್ನ ಮೇಲೆ ನಂಬಿಕೆ ಇಲ್ಲ. ನಿಮ್ಮಮ್ಮ ಒಪ್ಪಲ್ಲ, ನೋಡ್ತಿರು, ಅಂತ ಬೆಳಗ್ಗೆ ಬೂಟು ಕಟ್ಟಿಕೊಳ್ಳುತ್ತಾ ಅಂದರು. ಒಪ್ಪದಿದ್ದರೆ ತಪ್ಪೇನು, ಐವತ್ತೇಳು ವರ್ಷ, ಸೊಂಟ ನೋವು, ಇನ್ನೂ ಬೇಗ ಏಳು ಅನ್ನೋಕೆ ನಮಗೆ ಯಾವ ಬಾಯಿ, ಅಂತಲೂ ಅಂದರು. ಅದು ನಿಜ. ಅದಕ್ಕೇ ನನಗೆ ಬರೆಯಲು ಇಷ್ಟು ಕಷ್ಟವಾಗುತ್ತಿದೆ, ಇಷ್ಟು ಹೊತ್ತು ಖುಷಿಯ ವಿಷಯವನ್ನೇ ಹಿಗ್ಗಲಿಸಿ ಹಿಗ್ಗಲಿಸಿ ಬರೆದದ್ದೂ ಅದಕ್ಕೇ.

ಅಮ್ಮ, ಮಗು ಹುಟ್ಟುವ ಮುಂಚೆ ಯಾರಾದರೂ ಅರ್ಧ ಗಂಟೆ ಅಂದಿದ್ದರೆ ನನಗೆ ಅದು ಹಾಳೆಯ ಮೇಲಿನ ಒಂದು ಅಂಕಿ. ಈಗ ಹಾಗಲ್ಲ. ಅವಳು ಎದ್ದು ಅಳುವ ಮುಂಚಿನ ಆ ಅರ್ಧ ಗಂಟೆಯ ನಿದ್ದೆಗಾಗಿ ಏನು ಬೇಕಾದರೂ ಬರೆದುಕೊಟ್ಟೇನು ಅನ್ನಿಸುತ್ತದೆ. ಮೊನ್ನೆ ಇವರು ಅವಳನ್ನು ಎತ್ತಿಕೊಂಡು ಹೊರಗೆ ಹೋಗಿ, ಸರಿಯಾಗಿ ಮೂವತ್ತು ನಿಮಿಷ ನನ್ನನ್ನು ಮಲಗಲು ಬಿಟ್ಟರು. ಎದ್ದಾಗ ನನಗೆ ಅಳು ಬಂತು, ಯಾಕೆ ಅಂತ ಅವರಿಗೆ ಅರ್ಥವಾಗಲಿಲ್ಲ. ಅಂಥ ಅರ್ಧ ಗಂಟೆಯನ್ನು ನಾನು ನಿನ್ನ ಹತ್ತಿರ ಕೇಳುತ್ತಿದ್ದೇನೆ, ಒಂದು ದಿನದ್ದಲ್ಲ, ಚಳಿಗಾಲ ಪೂರ್ತಿಯದ್ದು.

ಚಿಕ್ಕವಳಿದ್ದಾಗ ಬೆಳಗ್ಗೆ ಕಣ್ಣು ಬಿಟ್ಟರೆ ನೀನು ಇರುತ್ತಿರಲಿಲ್ಲ. ಬಿಸಿನೀರಿನ ಕೊಳವೆಯ ಮೇಲೆ ನನ್ನ ಕಾಲುಚೀಲ ಬೆಚ್ಚಗಿರುತ್ತಿತ್ತು. ಕಿಟಕಿಯ ಗಾಜನ್ನು ಬೆರಳಿನಿಂದ ಉಜ್ಜಿದರೆ ದೂರದಲ್ಲಿ ನಿನ್ನ ಯಂತ್ರದ ಹಳದಿ ದೀಪ ಈ ತುದಿಯಿಂದ ಆ ತುದಿಗೆ ಹೋಗಿಬರುತ್ತಿರುತ್ತಿತ್ತು. ನಾನು ಎಣಿಸುತ್ತಿದ್ದೆ. ಕೆಳಮನೆಯ ದೊಡ್ಡಮ್ಮ ನನಗೆ ಜಡೆ ಹಾಕಿ ಮುಗಿಸುವ ಹೊತ್ತಿಗೆ ಹದಿನೈದು ಸುತ್ತು ಆಗಿರುತ್ತಿತ್ತು. ನಾನು ಎಣಿಸಲು ಕಲಿತದ್ದು ಶಾಲೆಯಲ್ಲಲ್ಲ. ಆಗ ನಿನ್ನ ಮೇಲೆ ನನಗೆ ಬಹಳ ಕೋಪ ಇತ್ತು, ಅದನ್ನು ಯಾವತ್ತೂ ಹೇಳಿಲ್ಲ. ಹಿಮವೇ ನಿನ್ನ ದೊಡ್ಡ ಮಗಳು, ನಾನು ಎರಡನೆಯವಳು ಅಂದುಕೊಂಡಿದ್ದೆ. ಆಗಸ್ಟಿನಲ್ಲಿ ನೀನು ಹೆರಿಗೆಗೆ ಬರದೆ, ಮೂರೇ ಸಾಲಿನ ಕಾಗದ ಕಳಿಸಿದಾಗಲೂ ಹಾಗೇ ಅಂದುಕೊಂಡೆ. ‘ಮಗು ಬಂದದ್ದು ಸಂತೋಷ. ರನ್‌ವೇ ಬಿರುಕು ಮುಚ್ಚುವ ಕೆಲಸ ಮುಗಿದಿಲ್ಲ. ಬೆನ್ನಿಗೆ ಚಳಿ ತಾಗಿಸಿಕೊಳ್ಳಬೇಡ.’ ಅದನ್ನು ಓದಿ ಮಡಚಿ, ಒಂದು ವಾರ ತೆರೆಯಲಿಲ್ಲ.

ಈಗ ಬೆಳಗಿನ ಜಾವ ಅವಳನ್ನು ಭುಜಕ್ಕೆ ಹಾಕಿಕೊಂಡು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ಗಡಿಯಾರ ನೋಡುತ್ತೇನೆ. ಐದಾಗಿದ್ದರೆ, ಅಮ್ಮ ಯಂತ್ರ ಹತ್ತಿದಳು ಅಂದುಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ಎದ್ದಿರುವವರು ಲೋಕದಲ್ಲಿ ನಾವಿಬ್ಬರೇ ಅನ್ನಿಸುತ್ತದೆ. ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ, ಹುಡುಕಲು ಪುರುಸೊತ್ತೂ ಇಲ್ಲ.

ನಾಳೆ ಕ್ಯಾಪ್ಟನ್ ಖಾಲಿ ವಿಮಾನ ತೆಗೆದುಕೊಂಡು ಪರೀಕ್ಷೆಗೆ ಅಂತ ನಿಮ್ಮಲ್ಲಿಗೆ ಬರುತ್ತಿದ್ದಾರೆ. ಅಂಚೆ ಚೀಲದಲ್ಲಿ ಈ ಕಾಗದ. ಅವರು ಅಲ್ಲಿ ನಲವತ್ತು ನಿಮಿಷ ಇರುತ್ತಾರೆ, ಕೆಂಪು ಟೋಪಿಯ ಎತ್ತರದ ಮನುಷ್ಯ. ನಿನ್ನ ಉತ್ತರವನ್ನು ಅವರ ಕೈಗೇ ಕೊಡು, ಶನಿವಾರ ಹನ್ನೆರಡಕ್ಕೆ ನನಗೆ ಸಿಗುತ್ತದೆ. ನಾನು ಮಗುವನ್ನು ಕಟ್ಟಿಕೊಂಡು ಬೇಲಿಯ ಹತ್ತಿರವೇ ನಿಂತಿರುತ್ತೇನೆ. ಉದ್ದ ಬರೆಯಬೇಡ, ನಿನಗೆ ಬರುವುದೂ ಇಲ್ಲ. ಒಂದು ಸಾಲು ಸಾಕು.

ಆಗುವುದಿಲ್ಲ ಅಂತಿದ್ದರೆ ಹಾಗೇ ಬರೆ. ನಾನು ಅತ್ತರೂ ಒಂದು ದಿನ ಅತ್ತೇನು. ಆಮೇಲೆ ಜೂನ್ ತನಕ ಎಣಿಸುತ್ತೇನೆ, ಎಣಿಸುವುದು ಬರುತ್ತದಲ್ಲ.

ಆಗುತ್ತದೆ ಅಂತಿದ್ದರೆ, ಗುರುವಾರ ಬೆಳಗ್ಗೆ ಯಂತ್ರವನ್ನು ಬದಿಗೆ ನಿಲ್ಲಿಸಿ ಕೆಳಗಿಳಿದು ನಿಂತಿರು. ಸೀಟಿನ ಮೇಲೆ ಕೂತೇ ಕೈ ಬೀಸಬೇಡ. ಕೈ ತೊಳೆದುಕೋ, ಡೀಸೆಲ್ ವಾಸನೆ ಅವಳಿಗೆ ಹೊಸದು. ಕುತ್ತಿಗೆಯ ಹಿಂದೆ ಕೈ ಕೊಟ್ಟು ಹಿಡಿಯಬೇಕು. ನಿನಗೆ ಗೊತ್ತಿರುತ್ತದೆ, ಆದರೂ ಹೇಳುತ್ತಿದ್ದೇನೆ.

ಇವರು ನಮಸ್ಕಾರ ಹೇಳಿದ್ದಾರೆ. ಒಗೆಯುವ ಯಂತ್ರ ನಿಂತಿತು. ಇನ್ನು ಎರಡು ನಿಮಿಷದಲ್ಲಿ ಸೈರನ್.

ನಿನ್ನ ಉತ್ತರದ ದಾರಿ ಕಾಯುತ್ತಾ,
ನಿನ್ನ ಮಗಳು

ತಾ. ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಮತ್ತೆ ಬಿಡಿಸಿದೆ. ನೀನು ಸಹಿ ಹಾಕುವ ಮುಂಚೆ ಇದು ನಿನಗೆ ತಿಳಿದಿರಬೇಕು.

ನಾನು ಗಾಳಿಯನ್ನು ಮರೆತಿರಲಿಲ್ಲ. ಗಾಳಿ ಯಾವ ಕಡೆಯಿಂದ ಅಂತ ನೋಡದೆ ಬಾಗಿಲು ಕೂಡ ತೆರೆಯದ ಮನೆಯಲ್ಲಿ ಬೆಳೆದವಳು ಅದನ್ನು ಮರೆಯುತ್ತಾಳಾ? ಬರಲು ಒಂದು ಗಂಟೆ ಇಪ್ಪತ್ತು ಅಂತಲೇ ಮೊದಲು ಬರೆದಿದ್ದೆ. ಹನ್ನೆರಡರ ವಿಮಾನಕ್ಕೆ ಅದು ಕೂಡಲಿಲ್ಲ. ಕೂಡದ ದಾರಿಯನ್ನು ಕಂಪನಿ ಒಪ್ಪುವುದಿಲ್ಲ ಅಂತ ಗೊತ್ತಿತ್ತು. ಅವತ್ತು ಬೆಳಗ್ಗೆಯೇ ನಿನ್ನ ಕಾಗದ ಬಂದಿತ್ತು, ಹೆರಿಗೆಗೆ ಬರಲಾಗುವುದಿಲ್ಲ ಅಂತ. ರಬ್ಬರು ತೆಗೆದುಕೊಂಡು ಅಳಿಸಿ ಐವತ್ತೈದು ಬರೆದೆ. ಒಮ್ಮೆ ಶುರುವಾದರೆ ಯಾರೂ ನಿಲ್ಲಿಸುವುದಿಲ್ಲ, ಹೇಗೋ ಸರಿಹೋಗುತ್ತದೆ ಅಂದುಕೊಂಡೆ. ಮೇಡಂ ಹೊಟ್ಟೆಯ ನೆಪ ಕೊಟ್ಟರು, ನಾನು ಇಸಿದುಕೊಂಡೆ. ಇವರಿಗೂ ಹೇಳಿಲ್ಲ.

ನೀನು ಹೂಂ ಅಂದರೂ ಇಲ್ಲ ಅಂದರೂ ಸೋಮವಾರ ಮೇಡಂ ಎದುರು ಕೂತು ಇದನ್ನು ಹೇಳುತ್ತೇನೆ. ಕೆಲಸ ಉಳಿಯುತ್ತದೋ ಇಲ್ಲವೋ ನೋಡಬೇಕು. ಇಷ್ಟು ತಿಳಿದ ಮೇಲೆ ಆ ಅರ್ಧ ಗಂಟೆ ಕೊಡುವುದೂ ಬಿಡುವುದೂ ನಿನ್ನಿಷ್ಟ.

ಆದರೆ ನಿನ್ನ ಕಡೆಗೆ ಬರುವ ಐವತ್ತಮೂರು ನಿಮಿಷ ಸುಳ್ಳಲ್ಲ, ಅಮ್ಮ. ಅದನ್ನು ಮೂರು ಸಲ ಲೆಕ್ಕ ಮಾಡಿ ನೋಡಿದ್ದೇನೆ.